ಪೀಣ್ಯದ 417 ರೂಪಾಯಿ 60 ಪೈಸೆ

ಬೆಳಗ್ಗೆ ಲಗ್ಗೆರೆ, ಹೆಗ್ಗನಹಳ್ಳಿ ಕಡೆಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳನ್ನ ನೀವು ನೋಡಿರ್ತೀರಿ. ನಾನಿವತ್ತು ಹೇಳೋದು ಅವರ ಸಂಬಳದ ಒಂದು ಚೂರಿನ ಕಥೆ: ತಿಂಗಳಿಗೆ 417 ರೂಪಾಯಿ 60 ಪೈಸೆ.

ಕನಿಷ್ಠ ವೇತನದ ಜತೆ ತುಟ್ಟಿಭತ್ಯೆ ಅಂತ ಒಂದಿರುತ್ತೆ. ಬೆಲೆ ಸೂಚ್ಯಂಕ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಅದೂ ಏರಬೇಕು. ಇದು ಇನ್‌ಕ್ರಿಮೆಂಟ್ ಅಲ್ಲ; ಹೋದ ವರ್ಷ ಕೊಂಡಷ್ಟೇ ಅಕ್ಕಿ-ಬೇಳೆ ಈ ವರ್ಷವೂ ಕೊಳ್ಳೋಕೆ ಆಗ್ಲಿ ಅಂತ. 2020ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಏರಿಕೆಯೇ ಈ 417 ಚಿಲ್ಲರೆ. ಕೊರೊನಾ ಕಾಲ, ರಾಜ್ಯ ಸರ್ಕಾರ ಅದನ್ನ ಒಂದು ವರ್ಷ ಮುಂದೂಡಿಬಿಟ್ಟಿತು.

ದಿನಕ್ಕೆ ಹದಿನಾರು ರೂಪಾಯಿ ತಾನೇ ಅನ್ನಬೇಡಿ. ರಾಜ್ಯದಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು 4 ಲಕ್ಷಕ್ಕೂ ಹೆಚ್ಚು. ನಾನು ಗುಣಿಸಿ ನೋಡಿದೆ: ತಿಂಗಳಿಗೆ 16 ಕೋಟಿ ದಾಟುತ್ತೆ. ಈ ದುಡ್ಡು ಷೇರು ಮಾರ್ಕೆಟ್‌ಗೆ ಹೋಗೋದಲ್ಲ. ಮನೆ ಬಾಡಿಗೆ, ದಿನಸಿ ಅಂಗಡಿ, ಚೀಟಿ, ಮಕ್ಕಳ ಟ್ಯೂಷನ್ ಅಂತ ಅಲ್ಲೇ ಸುತ್ತಮುತ್ತ ಖರ್ಚಾಗೋದು.

ಕೂಲಿ ಏರಿಸಿದ್ರೆ ಫ್ಯಾಕ್ಟರಿ ಬೇರೆ ಕಡೆ ಹೋಗುತ್ತೆ ಅನ್ನೋ ಭಯ ಪೂರ್ತಿ ಸುಳ್ಳೇನಲ್ಲ. ಹೊರದೇಶದ ಬ್ರ್ಯಾಂಡ್‌ಗಳು ಆರ್ಡರ್ ಕೊಡೋದೇ ಎಲ್ಲಿ ಅಗ್ಗ ಅಂತ ನೋಡಿ. ಆದ್ರೆ ಮಾಲೀಕರಿಗೆ ಕಷ್ಟ ಅಂತ ಕನಿಷ್ಠ ವೇತನ ತಪ್ಪಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಬಿಜಯ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿತ್ತು. ಯಾವಾಗ? 1954ರಲ್ಲೇ!

ಕಾರ್ಮಿಕ ಸಂಘಟನೆಯವರು ಹೈಕೋರ್ಟ್ ಮೆಟ್ಟಿಲು ಹತ್ತಿದರು. 2020ರ ಸೆಪ್ಟೆಂಬರ್‌ನಲ್ಲಿ ಕೋರ್ಟ್, ಬಾಕಿ ಸಮೇತ ಕೊಡಿ ಅಂತು. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ವಿದೇಶಿ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಂದ ಮೇಲೆ, 2022ರ ಆರಂಭದ ಹೊತ್ತಿಗೆ ಬಾಕಿ ಕೈಗೆ ಬರೋಕೆ ಶುರುವಾಯ್ತು. ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಹೋದವರೂ ಇದ್ರು.