ನೆತ್ತಿ ಕುಳಿ ಬಿದ್ದಾಗ

ಮಾತು ಬಾರದ ಮಗುವಿನ ಹೊಟ್ಟೆನೋವನ್ನು ತಿಳಿಯುವುದು ಹೇಗೆ? ವೈದ್ಯಚರಿತ್ರೆಯಲ್ಲಿ ಇದು ಬಹು ಹಳೆಯ ಪ್ರಶ್ನೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಸಂಸ್ಕೃತದ ‘ಕಾಶ್ಯಪಸಂಹಿತೆ’ಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಮಗು ಮೊಲೆ ಬಿಟ್ಟು ಅಳುವುದು, ಅಂಗಾತ ಮಲಗುವುದು, ಹೊಟ್ಟೆ ಬಿಗಿಯುವುದು, ಮುಖ ಬೆವರುವುದು ಇವೆಲ್ಲ ಶೂಲೆಯ ಗುರುತುಗಳೆಂದು ಅದು ಹೇಳುತ್ತದೆ. ಕನ್ನಡದಲ್ಲಿ ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿ ‘ಬಾಲಗ್ರಹ ಚಿಕಿತ್ಸೆ’ ಬರೆದ. ಮಗುವನ್ನು ಗ್ರಹ ಹಿಡಿಯುತ್ತದೆಂಬ ನಂಬಿಕೆ ಆ ಹೆಸರಿನಲ್ಲೇ ಇದೆ.

ಗ್ರಂಥಗಳಾಚೆ ಇನ್ನೊಂದು ವೈದ್ಯವಿತ್ತು, ಅದು ಅಡುಗೆಮನೆಯದು. ಹಿರಿಯೂರು ತಾಲ್ಲೂಕಿನ ಬಬ್ಬೂರು ಹಲವರಿಗೆ ಬಬ್ಬೂರುಕಮ್ಮೆ ಎಂಬ ಹೆಸರಿನಿಂದ, ರೈತರಿಗೆ ಬಬ್ಬೂರು ಫಾರಂನಿಂದ ಪರಿಚಿತ. ನನ್ನ ಸಂಶೋಧನೆಗೆ ಬೇಕಾದದ್ದು ಇಂಥ ಊರಿನ ಹಿರಿಯ ಹೆಂಗಸರ ಮಾತು. ಬಯಲುಸೀಮೆಯ ಉಳಿದೆಡೆಯಂತೆ ಇಲ್ಲೂ ಹೊಟ್ಟೆ ಉಬ್ಬರಕ್ಕೆ ಬಜೆ ತೇಯುತ್ತಾರೆ, ಹೊಕ್ಕುಳ ಸುತ್ತ ಇಂಗು ಹಚ್ಚುತ್ತಾರೆ. ವಾಂತಿ-ಬೇಧಿಯಾದ ಕೂಸನ್ನು ನೋಡಿ “ನೆತ್ತಿ ಕುಳಿ ಬಿದ್ದೈತೆ” ಎನ್ನುತ್ತಾರೆ, ಅಲ್ಲಿಗೆ ಹರಳೆಣ್ಣೆ ಒತ್ತುತ್ತಾರೆ.

ಈ ಮಾತಿನಲ್ಲಿ ಕರಾರುವಾಕ್ಕಾದ ರೋಗನಿರ್ಣಯವಿದೆ. ಮೈಯ ನೀರು ಬತ್ತಿದಾಗ ಹಸುಗೂಸಿನ ನೆತ್ತಿ ನಿಜಕ್ಕೂ ಕುಳಿ ಬೀಳುತ್ತದೆ. ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಕಡಿಮೆಯಾದ ಮೂತ್ರದ ಜೊತೆಗೆ ಇಂದಿನ ವೈದ್ಯರೂ ಅದನ್ನು ನೋಡುತ್ತಾರೆ. ಅಜ್ಜಿಯ ಕಣ್ಣು ಸರಿಯಾಗಿಯೇ ಕಂಡಿತ್ತು. ಕೈ ಮಾತ್ರ ಎಣ್ಣೆಯ ಬಟ್ಟಲಿಗೆ ಹೋಯಿತು, ನೀರಿನ ಲೋಟಕ್ಕೆ ಹೋಗಲಿಲ್ಲ. ಅದಕ್ಕಿಂತ ಅಪಾಯಕಾರಿ, ನೀರು ಕೊಟ್ಟರೆ ಬೇಧಿ ಹೆಚ್ಚುತ್ತದೆಂಬ ನಂಬಿಕೆ. ಅದರಿಂದ ಬಾಯಾರಿದ ಮಗುವಿಗೆ ನೀರೇ ಸಿಗದೆ ಹೋಯಿತು.

ಈ ನಂಬಿಕೆ ತಪ್ಪೆಂದು ಖಚಿತವಾಗಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ಕರುಳು ಸಕ್ಕರೆಯನ್ನು ಹೀರುವಾಗ ಉಪ್ಪನ್ನೂ ಜೊತೆಗೆ ಒಯ್ಯುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ ಎಂಬ ತಿಳಿವಿಗೆ 1960ರಲ್ಲಿ ರಾಬರ್ಟ್ ಕ್ರೇನ್ ದಾರಿ ತೆರೆದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ಸಲೈನ್ ಮುಗಿಯಿತು. ಆಗ ಡಾ. ದಿಲೀಪ್ ಮಹಲನಬೀಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ಅವರ ರೋಗಿಗಳಲ್ಲಿ 3.6ಕ್ಕೆ ಇಳಿಯಿತು. ಮಗುವಿನ ಪಕ್ಕ ಕೂತ ತಾಯಿಯೇ ಅಲ್ಲಿ ವೈದ್ಯೆಯಾದಳು.

ಹಾಗಾಗಿ ಈ ಚರಿತ್ರೆಯನ್ನು ‘ಮೌಢ್ಯದಿಂದ ವಿಜ್ಞಾನಕ್ಕೆ’ ಎಂದು ಒಂದೇ ಗೆರೆಯಲ್ಲಿ ಬರೆಯಲು ನನಗೆ ಮನಸ್ಸಾಗದು. ಉಪ್ಪು ಹಾಕಿದ ಗಂಜಿಯ ತಿಳಿ ನಮ್ಮ ಮನೆಗಳಲ್ಲಿ ಮೊದಲೇ ಇತ್ತು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುವುದರಿಂದ ಅಕ್ಕಿಯ ಓಆರ್‌ಎಸ್ ಕೂಡ ಮುಂದೆ ಬಂತು. ಈಗ ಓಆರ್‌ಎಸ್ ಪೊಟ್ಟಣ ಅಂಗನವಾಡಿಯಲ್ಲೂ ಸಿಗುತ್ತದೆ, ಅದರ ಜೊತೆ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಎದೆಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ನೆತ್ತಿ ಕುಳಿ ಬಿದ್ದರೂ ಅಷ್ಟೇ: ಲೋಟದಲ್ಲಿ ಓಆರ್‌ಎಸ್ ಕುಡಿಸುತ್ತಲೇ ಹೊರಡಬೇಕು.