ಬಾಸೆಲಿನ ಗ್ರೀಕ್ ಪ್ರತಿ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳುಕಡಿಯ ಮೂಟೆಗಳ ನಡುವೆ ನಡೆಯುವವನಿಗೆ ಗ್ರೀಕ್ ಹಸ್ತಪ್ರತಿಯ ಸ್ಮರಣೆ ಬರಲು ಕಾರಣವಿಲ್ಲ. ಆದರೂ, 1820ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್ನಿನ ಜೋಸೆಫ್ ಟೇಲರರು ಸಾರಿದ, ಅವರ ಸಹಚರ ಜಾನ್ ಹ್ಯಾಂಡ್ಸರು ಬಳ್ಳಾರಿಯಲ್ಲಿ ಕುಳಿತು ಕನ್ನಡಕ್ಕಿಳಿಸಿದ ಸುವಾರ್ತೆಯ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಸರಿದರೆ, ರೈನ್ ತೀರದ ಬಾಸೆಲ್ ನಗರದ ಡೊಮಿನಿಕನ್ ಮಠವನ್ನು ಮುಟ್ಟುತ್ತೇವೆ. ಆ ಮಠದಲ್ಲಿದ್ದ, ಸುಮಾರು ಹನ್ನೆರಡನೆಯ ಶತಮಾನದ ಚರ್ಮಪತ್ರದ ಸುವಾರ್ತಾಪ್ರತಿಯನ್ನೇ ವಿದ್ವಾಂಸ ಎರಾಸ್ಮಸನು ಮುದ್ರಕ ಫ್ರೋಬೆನನ ಅಚ್ಚುಕೂಟಕ್ಕೆ ಕೊಟ್ಟನು. ಇಂದಿಗೂ ಅದರ ಅಂಚುಗಳಲ್ಲಿ ಅವನ ತಿದ್ದುಪಡಿಗಳೂ ಮುದ್ರಕರ ಗುರುತುಗಳೂ ಕಾಣುತ್ತವೆ. ಪೂಜ್ಯಗ್ರಂಥವನ್ನು ಅಚ್ಚಿನ ಕರಡಿನಂತೆ ಬಳಸಿದ ಆ ಧೈರ್ಯವನ್ನು ನಾನಂತೂ ಮೆಚ್ಚಲಾರೆ. 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಮುದ್ರಿತ ಗ್ರಂಥವು ಹೊರಬಂದಿತು. ಆತುರವೂ ಅದರೊಡನೆಯೇ ಅಚ್ಚಾಯಿತು: ಅದರ ಕಡೆಯ ಭಾಗವಾದ ‘ಪ್ರಕಟನೆ’ಗೆ ದೊರೆತ ಏಕೈಕ ಪ್ರತಿಯಲ್ಲಿ ಕಡೆಯ ಹಾಳೆಯೇ ಇರಲಿಲ್ಲವಾಗಿ, ಎರಾಸ್ಮಸನು ಕೊನೆಯ ಆರು ವಚನಗಳನ್ನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ತಿರುಗಿಸಿ ತುಂಬಿದನು. ಖತಾವಣಿಯ ಹರಿದ ಪುಟವನ್ನು ನೆನಪಿನಿಂದ ಬರೆದಿಟ್ಟ ಗುಮಾಸ್ತನನ್ನು ಪೇಟೆಯ ಯಾವ ಸಾಹುಕಾರನು ಕ್ಷಮಿಸಿಯಾನು? ಆದರೆ ಲೋಕವು ಕ್ಷಮಿಸಿತು. ಆ ಪಾಠಪರಂಪರೆಯೇ ಮುನ್ನೂರು ವರ್ಷಗಳಿಗೂ ಮಿಕ್ಕು ಪ್ರಾಟೆಸ್ಟಂಟ್ ಅನುವಾದಗಳಿಗೆ ಆಧಾರವಾಗಿ ನಿಂತಿತು.

ಅದೇ ಬಾಸೆಲಿನಿಂದ ಹೊರಟ ಮಿಷನರಿಗಳು 1834ರಲ್ಲಿ ಮಂಗಳೂರನ್ನೂ, 1837ರಲ್ಲಿ ನಮ್ಮ ನೆರೆಯ ಧಾರವಾಡವನ್ನೂ ಸೇರಿದರು. ಅವರಲ್ಲೊಬ್ಬನಾಗಿ ಕನ್ನಡ ಹೊಸ ಒಡಂಬಡಿಕೆಯ ಪರಿಷ್ಕರಣಕ್ಕೆ ಶ್ರಮಿಸಿದ ವೈಗ್ಲೆಯು 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನು ಮಂಗಳೂರಿಗೆ ತಂದಾಗ, ಅದನ್ನು ನಡೆಸಲು ಜೊತೆಗೆ ಬಂದವರು ಇಬ್ಬರು ಮರಾಠಿ ಮುದ್ರಕರು.