‘ಹೌದು’ ಎಂದವರು ಯಾರು?

2018ರ ಆಗಸ್ಟ್ 11 ಎರಡನೆಯ ಶನಿವಾರ. ಪುಣೆಯ ಶಿವಾಜಿನಗರದಲ್ಲಿ, ಗಣೇಶಖಿಂಡ್ ರಸ್ತೆಯಲ್ಲಿರುವ ಕಾಸ್ಮೋಸ್ ಸಹಕಾರಿ ಬ್ಯಾಂಕಿಗೆ ರಜೆಯ ದಿನ. ಅದೇ ದಿನ ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಆ ಬ್ಯಾಂಕಿನ ವೀಸಾ ಕಾರ್ಡುಗಳ ಹೆಸರಿನಲ್ಲಿ ಸುಮಾರು 78 ಕೋಟಿ ರೂಪಾಯಿ ಹೊರಬಿತ್ತು. ದೇಶದೊಳಗೆ ರುಪೇ ಕಾರ್ಡುಗಳ ಮೂಲಕ ಇನ್ನೂ ಎರಡೂವರೆ ಕೋಟಿ ಹೋಯಿತು. ಹೀಗೆ ಹಣ ತೆಗೆಯಲಾದ ಊರುಗಳಲ್ಲಿ ಬೆಳಗಾವಿಯಿಂದ ಎರಡು ಮೂರು ಗಂಟೆಯ ದಾರಿಯ ಕೊಲ್ಹಾಪುರವೂ ಒಂದು. ಇಷ್ಟಾದರೂ ಯಾವ ಗ್ರಾಹಕನ ಖಾತೆಯಲ್ಲೂ ಒಂದು ರೂಪಾಯಿ ಕಡಿಮೆಯಾಗಿರಲಿಲ್ಲ.

ಈ ಕೊನೆಯ ಸಂಗತಿಯೇ ಪ್ರಕರಣದ ಕೀಲಿ. ಎಟಿಎಂ ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಕಾರ್ಡು ತೂರಿಸಿ ಮೊತ್ತ ಒತ್ತಿದ ಕೂಡಲೇ ಅದು ಕಾರ್ಡು ಕೊಟ್ಟ ಬ್ಯಾಂಕಿಗೆ ‘ಕೊಡಲೇ?’ ಎಂದು ಕೇಳುತ್ತದೆ. ಈ ಪ್ರಶ್ನೆಯನ್ನು ಬರಮಾಡಿಕೊಳ್ಳುವ ಗಣಕವ್ಯವಸ್ಥೆಗೆ ಬ್ಯಾಂಕಿನವರು ‘ಸ್ವಿಚ್’ ಎನ್ನುತ್ತಾರೆ. ಕನ್ನಡದಲ್ಲಿ ಆ ಪದ ಗೋಡೆಯ ಮೇಲಿನ ದೀಪದ ಗುಂಡಿಯನ್ನೇ ನೆನಪಿಸುತ್ತದೆ. ಇಲ್ಲಿ ಅದರ ಕೆಲಸ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನದು. ಸ್ವಿಚ್ ಆ ಪ್ರಶ್ನೆಯನ್ನು ಒಳಗಿನ ಲೆಕ್ಕದ ಪುಸ್ತಕಕ್ಕೆ, ಎಂದರೆ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ, ದಾಟಿಸುತ್ತದೆ. ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಅಲ್ಲಿಂದ ‘ಹೌದು’ ಅಥವಾ ‘ಇಲ್ಲ’ ಬರುತ್ತದೆ.

ದಾಳಿಕೋರರು ಬ್ಯಾಂಕಿನ ಜಾಲದೊಳಗೆ ಮಾಲ್‌ವೇರ್ ನುಗ್ಗಿಸಿ, ಅಸಲಿ ಸ್ವಿಚ್ಚಿನ ಪಕ್ಕದಲ್ಲಿ ನಕಲಿಯೊಂದನ್ನು ನಿಲ್ಲಿಸಿದ್ದರು. ನಕಲಿ ಕಾರ್ಡುಗಳಿಂದ ಬಂದ ಪ್ರಶ್ನೆಗಳು ಲೆಕ್ಕದ ಪುಸ್ತಕದವರೆಗೆ ಹೋಗಲೇ ಇಲ್ಲ. ನಡುವಿನಲ್ಲೇ ನಕಲಿ ಸ್ವಿಚ್ ‘ಹೌದು, ಕೊಡು’ ಎಂದಿತು. ಲೆಕ್ಕಕ್ಕೆ ವಿಷಯವೇ ಗೊತ್ತಿಲ್ಲದ ಮೇಲೆ ಯಾರ ಖಾತೆಯಿಂದ ಕಳೆಯಬೇಕು? ಕಾರ್ಡಿಗೆ ಹೊಣೆಗಾರನಾದ್ದರಿಂದ ನಷ್ಟ ನೇರವಾಗಿ ಬ್ಯಾಂಕಿನ ತಲೆಗೇ ಬಂತು. ನಕಲು ಮಾಡಿದ ಕಾರ್ಡುಗಳು ಸುಮಾರು 450 ಎಂದು ವರದಿಯಾಯಿತು. ಕಾರ್ಡಿನ ಕಪ್ಪು ಅಯಸ್ಕಾಂತ ಪಟ್ಟಿಯನ್ನು ನಕಲು ಮಾಡುವುದು ಕಷ್ಟವೇನಲ್ಲ. ಹಾಗಾಗಿಯೇ ಎಲ್ಲ ಕಾರ್ಡುಗಳಿಗೂ ಚಿಪ್ ಹಾಕಿ ಮುಗಿಸಲು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಆ ಗಡುವು 2018ರ ಡಿಸೆಂಬರ್ 31.

ಶನಿವಾರದ್ದನ್ನು ಯಾವ ಬ್ಯಾಂಕಿಗಾದರೂ ಬರಬಹುದಾದ ಆಘಾತವೆಂದು ಒಪ್ಪಬಹುದು. ಸೋಮವಾರ ನಡೆದದ್ದನ್ನು ಹಾಗೆ ಒಪ್ಪುವುದು ಕಷ್ಟ. ಆಗಸ್ಟ್ 13ರ ಬೆಳಿಗ್ಗೆ, ಬ್ಯಾಂಕುಗಳು ದೇಶದೇಶಗಳ ನಡುವೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ 13.92 ಕೋಟಿ ರೂಪಾಯಿ ಹಾಂಗ್‌ಕಾಂಗಿನ ಹ್ಯಾಂಗ್ ಸೆಂಗ್ ಬ್ಯಾಂಕಿನಲ್ಲಿದ್ದ ಎಎಲ್‌ಎಂ ಟ್ರೇಡಿಂಗ್ ಎಂಬ ಕಂಪನಿಯ ಖಾತೆಗೆ ಹೋಯಿತು. ಒಟ್ಟು ನಷ್ಟ 94.42 ಕೋಟಿ. ಒಂದು ಬಾಗಿಲು ಮುರಿದದ್ದು ತಿಳಿದ ಎರಡು ದಿನಗಳ ಮೇಲೆ ಇನ್ನೊಂದು ಬಾಗಿಲಿನಿಂದ ಕಳವಾಯಿತು. ಸ್ವಿಫ್ಟ್‌ನ ಅಪಾಯವೂ ಹೊಸದಲ್ಲ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕು ಇದೇ ದಾರಿಯಲ್ಲಿ 8.1 ಕೋಟಿ ಡಾಲರ್ ಕಳೆದುಕೊಂಡಿತ್ತು, ಅದೂ ವಾರದ ರಜೆಯ ಹೊತ್ತಿನಲ್ಲೇ. 2018ರ ಫೆಬ್ರುವರಿಯಲ್ಲಿ ತಮಿಳುನಾಡಿನ ಸಿಟಿ ಯೂನಿಯನ್ ಬ್ಯಾಂಕಿನ ಮೇಲೂ ಇಂಥದೇ ದಾಳಿ ನಡೆದಿತ್ತು.

ಕಾಸ್ಮೋಸ್ ಹುಟ್ಟಿದ್ದು 1906ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಅದೇ ಮುಂಬಯಿ ಪ್ರಾಂತ್ಯದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಎರಡರ ಬೇರೂ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಲ್ಲಿದೆ. ಸಾಲ ಕೇಳುವವನನ್ನು ಕೊಡುವವರು ಮುಖ ನೋಡಿ ಬಲ್ಲರು ಎಂಬುದೇ ಆ ಸಂಘಗಳ ಭದ್ರತೆ. ನೂರು ವರ್ಷ ಕಳೆಯುವಷ್ಟರಲ್ಲಿ ಕಾಸ್ಮೋಸ್ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಶಾಖೆಗಳಿರುವ, ದೇಶದ ಅತಿ ದೊಡ್ಡ ನಗರ ಸಹಕಾರಿ ಬ್ಯಾಂಕುಗಳಲ್ಲಿ ಒಂದಾಗಿತ್ತು. ಅದರ ಕಾರ್ಡು ಹಿಡಿದು ಲೋಕದ ಯಾವ ಮೂಲೆಯಲ್ಲಾದರೂ ಹಣ ತೆಗೆಯಬಹುದಿತ್ತು. ಆದರೆ ಕಾವಲಿನ ನಿಯಮಗಳು ಈ ವೇಗಕ್ಕೆ ಬೆಳೆದಿರಲಿಲ್ಲ. ರಿಸರ್ವ್ ಬ್ಯಾಂಕ್ 2016ರ ಜೂನ್‌ನಲ್ಲಿ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟು ವಾಣಿಜ್ಯ ಬ್ಯಾಂಕುಗಳಿಗಾಗಿ ಇತ್ತು. ನಗರ ಸಹಕಾರಿ ಬ್ಯಾಂಕುಗಳಿಗೆ ಪ್ರಾಥಮಿಕ ಚೌಕಟ್ಟು ಬಂದದ್ದು 2018ರ ಅಕ್ಟೋಬರ್ 19ರಂದು, ಕಾಸ್ಮೋಸ್ ದಾಳಿಯಾಗಿ ಎರಡು ತಿಂಗಳ ಮೇಲೆ. ಬ್ಯಾಂಕು ಡಿಜಿಟಲ್ ಜಾಲದೊಳಗೆ ಎಷ್ಟು ಆಳಕ್ಕೆ ಇಳಿದಿದೆಯೋ ಅದಕ್ಕೆ ತಕ್ಕ ಕಾವಲು ಬೇಕು ಎಂಬ ಹಂತಹಂತದ ನಿಯಮ ಬರಲು 2019ರ ಡಿಸೆಂಬರ್ ಆಯಿತು.

ದತ್ತಾಂಶ ಸುರಕ್ಷತೆ ಎಂದಾಗ ಮನಸ್ಸಿಗೆ ಮೊದಲು ಬರುವುದು ಗುಟ್ಟು ಕಾಯುವುದು. ‘ಖಾಸಗಿ’ ಎಂಬ ಪದವೇ ಅತ್ತ ಎಳೆಯುತ್ತದೆ. ಅದು ಮರಾಠಿಯಲ್ಲೂ ಇದೆ. ಹೋಳ್ಕರರ ಆಡಳಿತದಲ್ಲಿ ರಾಜ್ಯದ ಬೊಕ್ಕಸದಿಂದ ಬೇರೆಯಾಗಿಟ್ಟ ಅರಮನೆಯ ಸ್ವಂತ ಆಸ್ತಿಗೆ ‘ಖಾಸಗಿ’ ಎನ್ನುತ್ತಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಕಾಳಜಿಯೂ ಮುಖ್ಯವಾಗಿ ಇದೇ: ಜನರ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕಾಸ್ಮೋಸ್‌ನಲ್ಲಿ ನಕಲಾದ ಕಾರ್ಡುಗಳು ಈ ಗುಟ್ಟಿನ ಬದಿಗೆ ಸೇರಿದವು. ಆದರೆ 78 ಕೋಟಿ ಹೊರಬಿದ್ದದ್ದು ಗುಟ್ಟು ರಟ್ಟಾದ್ದರಿಂದ ಮಾತ್ರವಲ್ಲ, ಬ್ಯಾಂಕಿನ ದನಿಯಲ್ಲಿ ಬೇರೆಯವರು ಉತ್ತರ ಕೊಟ್ಟಿದ್ದರಿಂದ. ಗುಟ್ಟು ಕಾಯುವ ಕಂಪನಿ ತನ್ನ ಉತ್ತರವನ್ನೂ ಕಾಯಬೇಕಾಗುತ್ತದೆ, ಮತ್ತು ಈ ಎರಡನೆಯ ಕೆಲಸಕ್ಕೆ ಸಾರ್ವಜನಿಕ ಚರ್ಚೆಯಲ್ಲಿ ಇನ್ನೂ ಸರಿಯಾದ ಹೆಸರೂ ಸಿಕ್ಕಿಲ್ಲ.

ಪುಣೆಯ ಠೇವಣಿದಾರರಿಗೆ ಇದು ತಂತ್ರಜ್ಞಾನದ ಪ್ರಶ್ನೆಯಾಗಿರಲಿಲ್ಲ. ಅದೇ ಊರಿನ ರೂಪೀ ಸಹಕಾರಿ ಬ್ಯಾಂಕು ಬೇರೆ ಕಾರಣಗಳಿಗಾಗಿ 2013ರಿಂದ ರಿಸರ್ವ್ ಬ್ಯಾಂಕಿನ ನಿರ್ಬಂಧದಲ್ಲಿತ್ತು. ಇಟ್ಟ ಹಣ ಕೈಗೆ ಸಿಗದೆ ಜನ ವರ್ಷಗಟ್ಟಲೆ ಅಲೆದಿದ್ದರು. ಠೇವಣಿಗೆ ಆಗ ಇದ್ದ ವಿಮೆ ಬರೀ ಒಂದು ಲಕ್ಷ ರೂಪಾಯಿ. ಅದು ಐದು ಲಕ್ಷವಾದದ್ದು 2020ರಲ್ಲಿ. ಗ್ರಾಹಕರ ಹಣಕ್ಕೆ ಏನೂ ಆಗಿಲ್ಲ ಎಂದು ಕಾಸ್ಮೋಸ್ ಹೇಳಿತು, ಅದು ನಿಜವೂ ಆಗಿತ್ತು. ಆದರೂ ಸಹಕಾರಿ ಬ್ಯಾಂಕಿನಲ್ಲಿ ಬ್ಯಾಂಕಿನ ನಷ್ಟ ಬೇರೆ, ಸದಸ್ಯರ ನಷ್ಟ ಬೇರೆ ಎಂದು ಗೆರೆ ಎಳೆಯುವುದು ಸುಲಭವಲ್ಲ.

ಚತುಃಶೃಂಗಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. 2019ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡ ಉತ್ತರ ಕೊರಿಯಾ ಕುರಿತ ತನ್ನ ವರದಿಯಲ್ಲಿ ಕಾಸ್ಮೋಸ್ ದಾಳಿಯನ್ನು ಆ ದೇಶದ ಸೈಬರ್ ಕೃತ್ಯಗಳ ನಡುವೆ ಸೇರಿಸಿತು. 2021ರಲ್ಲಿ ಅಮೆರಿಕ, ಬ್ಯಾಂಕುಗಳ ಮೇಲಿನ ಸರಣಿ ದಾಳಿಗಳಿಗಾಗಿ ಮೂವರು ಉತ್ತರ ಕೊರಿಯನ್ನರ ವಿರುದ್ಧದ ಆರೋಪಪಟ್ಟಿಯನ್ನು ಬಹಿರಂಗಪಡಿಸಿತು. ಅವರು ಯಾವ ನ್ಯಾಯಾಲಯದ ಮುಂದೆಯೂ ಬಂದಿಲ್ಲ. 2023ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ 11 ಜನರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಒಂಬತ್ತು ಮಂದಿಗೆ ನಾಲ್ಕು ವರ್ಷ, ಇಬ್ಬರಿಗೆ ಮೂರು ವರ್ಷ ಸೆರೆ ವಿಧಿಸಿತು. ಶಿಕ್ಷೆಯಾದದ್ದು ಇಲ್ಲಿ ನಕಲಿ ಕಾರ್ಡು ಹಂಚಿ ಎಟಿಎಂಗಳಿಂದ ಹಣ ತೆಗೆದ ಜಾಲದವರಿಗೆ.